ಪ್ರತಿಕ್ರಿಯೆ: ತರಬೇತಿ ವಿಡಿಯೊಗೆ ತಾನಾಗಿ ಬರುವ ಕ್ಯಾಪ್ಶನ್ ಸಾಕೇ?

ನಮಸ್ಕಾರ. ಎಕ್ಸೆಲ್ ತರಬೇತಿಯ ವಿಡಿಯೊಗಳನ್ನು ಜಾಲತಾಣಕ್ಕೆ ಹಾಕುತ್ತಿದ್ದೇವೆ, ಕಲಿಯುವವರಲ್ಲಿ ಕಿವಿ ಕೇಳಿಸದವರೂ ಕಣ್ಣು ಕಾಣದವರೂ ಇದ್ದಾರೆ, ಮಾತನ್ನು ಯಂತ್ರವೇ ಅಕ್ಷರಕ್ಕಿಳಿಸಿ ಪರದೆಯಲ್ಲಿ ತೋರಿಸುವ ಕ್ಯಾಪ್ಶನ್ ಸಾಕೇ ಎಂದು ಕೇಳಿದ್ದೀರಿ. ಸಾಲದು. ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡುವಾಗ ಯಂತ್ರ ಎಡವುವುದೇ ಸೂತ್ರ, ಸೆಲ್‌ಗಳ ಹೆಸರು ಬರುವ ಕಡೆ. ಅಲ್ಲಿ ಒಂದಕ್ಷರ ತಪ್ಪಿದರೂ ಕಲಿಯುವವರ ಲೆಕ್ಕವೇ ತಪ್ಪುತ್ತದೆ. ಯಂತ್ರ ಕೊಟ್ಟಿದ್ದನ್ನು ಕರಡು ಎಂದುಕೊಂಡು ಕೂತು ತಿದ್ದಿ. ತಿದ್ದಿದ್ದನ್ನು ಎಸ್‌ಆರ್‌ಟಿ (ಸಮಯದ ಗುರುತಿರುವ ಕ್ಯಾಪ್ಶನ್ ಕಡತ) ಆಗಿ ಇಳಿಸಿಕೊಳ್ಳಿ. ನಿಮ್ಮದೇ ತಾಣದ ಪ್ಲೇಯರ್ ಆದರೆ ಸಾಮಾನ್ಯವಾಗಿ ವೆಬ್‌ವಿಟಿಟಿ ಎಂಬ ಇನ್ನೊಂದು ಬಗೆಯ ಕ್ಯಾಪ್ಶನ್ ಕಡತ ಬೇಕಾಗುತ್ತದೆ.

ಕಣ್ಣು ಕಾಣದವರ ವಿಷಯ ಬಹಳ ಜನ ಮರೆಯುತ್ತಾರೆ. "ಇಲ್ಲಿ ಕ್ಲಿಕ್ ಮಾಡಿ, ಹೀಗೆ ಬರುತ್ತೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ರೆಕಾರ್ಡ್ ಮಾಡುವಾಗಲೇ "ಬಿ2 ಸೆಲ್‌ಗೆ ಹೋಗಿ, ಆಲ್ಟ್ ಮತ್ತು ಸಮ ಚಿಹ್ನೆ ಒಟ್ಟಿಗೆ ಒತ್ತಿ" ಎಂದು ಬಾಯಿಬಿಟ್ಟು ಹೇಳಿಸಿ. ಪರದೆಯ ಮೇಲಿನದೆಲ್ಲ ಹೀಗೆ ಮಾತಿನಲ್ಲೇ ಬಂದರೆ ಬೇರೆ ವಿವರಣಾ ಧ್ವನಿ ಸೇರಿಸುವ ಖರ್ಚು ಬಹುಪಾಲು ಉಳಿಯುತ್ತದೆ. ಅವರು ಬಳಸುವುದು ಮೌಸ್ ಅಲ್ಲ, ಕೀಲಿಮಣೆ. ಹಾಗಾಗಿ ಶಾರ್ಟ್‌ಕಟ್ ಹೇಳಲೇಬೇಕು. ಪ್ಲೇಯರ್‌ನ ಗುಂಡಿಗಳೂ ಟ್ಯಾಬ್ ಕೀಲಿಗೆ ಸಿಗಬೇಕು. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತ, ಹಾಕಿಕೊಂಡು ನೀವೇ ಪರೀಕ್ಷಿಸಿ.

ವಿಡಿಯೊ ಕೆಳಗೆ ಪೂರ್ತಿ ಪಠ್ಯವನ್ನೂ ಕೊಡಿ, ನೆಟ್ ನಿಧಾನ ಇರುವವರಿಗೂ ಅದೇ ಆಸರೆ. ಸಂಜ್ಞಾ ಭಾಷೆಯೇ ಮೊದಲ ಭಾಷೆಯಾದವರಿಗೆ ಕ್ಯಾಪ್ಶನ್ ಓದುವುದು ಕಷ್ಟವಾಗಬಹುದು, ಅವರನ್ನೇ ಕೇಳಿ ನೋಡಿ. ಮೇಲಿನವರು ಖರ್ಚಿಗೆ ತಕರಾರು ತೆಗೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ತೋರಿಸಿ. ಕ್ಯಾಪ್ಶನ್, ಸಂಜ್ಞಾ ಭಾಷೆ, ಧ್ವನಿ ವಿವರಣೆ ಮೂರರ ಮಾತೂ ಅದರಲ್ಲಿದೆ.