ಮೂಗಿಗೆ ಸೀಸ ಬೇಡ, ಬಾಲದ ಸರ್ವೋ ಮುಂದೆ ತನ್ನಿ

ಸರ್, ಇವತ್ತು ರಾತ್ರಿ ನಿಮ್ಮ ಆರ್‌ಸಿ ಗ್ಲೈಡರ್‌ನ ಫ್ಯೂಸ್‌ನ (ವಿಮಾನದ ಒಡಲು) ಎರಡು ಹೋಳು ಅಂಟಿಸಬೇಡಿ. ಮೊದಲು ಇದನ್ನು ಓದಿ.

ನಿಮ್ಮ ಫೋಟೋ ನೋಡಿದೆ. 1.8 ಮೀಟರ್ ರೆಕ್ಕೆಯ, ಮೋಟರ್ ಇರುವ ಇಪಿಒ ಫೋಮ್ ಕಿಟ್. ಎಲಿವೇಟರ್ (ಮೂಗು ಏರಿಳಿಸುವ ಬಾಲದ ಪಟ್ಟಿ), ರಡ್ಡರ್ (ಎಡ ಬಲ ತಿರುಗಿಸುವ ಪಟ್ಟಿ) ಆಡಿಸುವ ಸರ್ವೋ ಮೋಟರ್ ಎರಡನ್ನೂ ಕಿಟ್‌ನಲ್ಲಿ ಕೊಟ್ಟ ಗೂಡು ಬಿಟ್ಟು ಬಾಲದ ಹತ್ತಿರ ಫೋಮ್ ಕೊರೆದು ಕೂರಿಸಿದ್ದೀರಿ. ಸ್ನೇಕ್‌ನಲ್ಲಿ (ಸರ್ವೋದಿಂದ ಬಾಲದವರೆಗೆ ನಳಿಗೆಯೊಳಗೆ ಹೋಗುವ ತಂತಿ) ಆಟ, ಅಂದರೆ ಸಡಿಲ, ಜಾಸ್ತಿ ಇತ್ತು, ಅದಕ್ಕೆ ಹಿಂದೆ ಹಾಕಿದೆ ಅಂದಿದ್ದೀರಿ. ಈಗ ಬಾಲ ಭಾರ, ಮೂಗಿಗೆ 40 ಗ್ರಾಂ ಗಾಳದ ಸೀಸ ಹಾಕಿದರೆ ಸಾಕಾ ಅಂತ ಪ್ರಶ್ನೆ. ಕಾಮೆಂಟ್‌ನಲ್ಲಿ ಎಲ್ಲರೂ "ಹಾಕಿ, ಏನೂ ಆಗಲ್ಲ" ಅಂತಿದ್ದಾರೆ. ಆಗುತ್ತೆ ಸರ್. ನಾನೂ ಒಂದು ಗ್ಲೈಡರ್‌ಗೆ ಹೀಗೇ ಮಾಡಿದ್ದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಲೆಕ್ಕ ನೋಡಿ. ಒಂದು ಸರ್ವೋ 9 ಗ್ರಾಂ, ಎರಡಕ್ಕೆ 18. ಸಿಜಿಯಿಂದ (ವಿಮಾನ ಸಮತೋಲದಲ್ಲಿ ನಿಲ್ಲುವ ಬಿಂದು) 60 ಸೆಂ.ಮೀ ಹಿಂದಿವೆ ಅಂದುಕೊಳ್ಳಿ. 18 ಗುಣಿಸು 60, ಅಂದರೆ 1080. ಮೂಗಿನಲ್ಲಿ ಸೀಸ ಕೂರುವ ಜಾಗ ಸಿಜಿಯಿಂದ 27 ಸೆಂ.ಮೀ ಮುಂದೆ ಇದ್ದರೆ, 1080 ಭಾಗಿಸು 27, ಬಂತಲ್ಲ 40 ಗ್ರಾಂ. ನೀವು ಕೇಳಿದ ಸೀಸ ಪೂರ್ತಿ ಆ ಎರಡು ಸರ್ವೋ ಹೊರೋದಕ್ಕೇ ಹೋಯ್ತು. ಅವೇ ಸರ್ವೋ ರೆಕ್ಕೆ ಕೆಳಗೆ ಅವುಗಳ ಗೂಡಲ್ಲಿದ್ದರೆ ಸಿಜಿ ಹತ್ತಿರವೇ ಇರುತ್ತವೆ, ಸೀಸ ಕೇಳುವುದೇ ಇಲ್ಲ.

40 ಗ್ರಾಂ ತಾನೇ ಅಂತ ಅನ್ನಿಸಬಹುದು. ತೂಕ ಜಾಸ್ತಿ ಆದದ್ದಕ್ಕಿಂತ ಅದು ಕೂತ ಜಾಗ ಕೆಟ್ಟದ್ದು. ಎರಡು ತುದಿಗೂ ತೂಕ ಹಾಕಿದ ಗ್ಲೈಡರ್ ಪಿಚ್‌ನಲ್ಲಿ, ಅಂದರೆ ಮೂಗು ಏಳುವ ಇಳಿಯುವ ಚಲನೆಯಲ್ಲಿ, ಮೊದ್ದಾಗುತ್ತೆ. ಎಲಿವೇಟರ್ ಕೊಟ್ಟರೆ ತಡವಾಗಿ ಏಳುತ್ತೆ, ಎದ್ದ ಮೇಲೆ ತಡವಾಗಿ ನಿಲ್ಲುತ್ತೆ. ಥರ್ಮಲ್ (ಮೇಲೇಳುವ ಬಿಸಿಗಾಳಿ) ಅಂಚಿಗೆ ತಗುಲಿದಾಗ ಮೂಗು ಸ್ವಲ್ಪ ಎತ್ತಿ ಸುಳಿವು ಕೊಡುತ್ತಲ್ಲ, ಆ ಸುಳಿವು ಮಂಕಾಗುತ್ತೆ. ಗ್ಲೈಡರ್ ಹಾರಿಸೋದೇ ಆ ಸುಳಿವಿಗೆ. ಇನ್ನು ಲ್ಯಾಂಡಿಂಗ್‌ನಲ್ಲಿ ಮೂಗು ಒಂದು ಹೆಂಟೆಗೆ ತಾಗಿದರೆ ಒಳಗಿರುವ ಸೀಸ ನೇರ ಮೋಟರ್ ಮೌಂಟ್ ಕಡೆ ನುಗ್ಗುತ್ತೆ. ಫೋಮ್ ಹರಿದು ಕೈಗೆ ಬರುತ್ತೆ. ನನ್ನದು ಹೋದದ್ದು ಹಾಗೇ. ಉತ್ತ ಹೊಲದ ಅಂಚಲ್ಲಿ ಸಾಧಾರಣ ಲ್ಯಾಂಡಿಂಗ್, ಬೇರೆ ಗ್ಲೈಡರ್ ಆಗಿದ್ದರೆ ಮಣ್ಣು ಒರೆಸಿ ಮತ್ತೆ ಎಸೆಯಬಹುದಿತ್ತು.

ಹಾಗಾದರೆ ಸ್ನೇಕ್ ಆಟಕ್ಕೇನು ಮಾಡೋದು? ಆಟ ಬರುವುದು ಸ್ನೇಕ್ ಉದ್ದ ಇರೋದರಿಂದ ಅಲ್ಲ. ಹೊರಗಿನ ನಳಿಗೆ ಫೋಮ್‌ಗೆ ಎರಡೇ ಕಡೆ ಅಂಟಿರುತ್ತೆ, ನಡುವೆ ಬಿಲ್ಲಿನ ಹಾಗೆ ಬಾಗುತ್ತೆ. ಸರ್ವೋ ತಳ್ಳಿದಾಗ ತಂತಿ ಮುಂದೆ ಹೋಗುವ ಬದಲು ನಳಿಗೆಯೇ ಪಕ್ಕಕ್ಕೆ ಉಬ್ಬುತ್ತೆ. ಎಲಿವೇಟರನ್ನು ಬೆರಳಲ್ಲಿ ಮೆಲ್ಲಗೆ ಹಿಡಿದುಕೊಂಡು ಸ್ಟಿಕ್ ಆಡಿಸಿ, ತೆರೆದ ಹೋಳಿನಲ್ಲಿ ನಳಿಗೆ ನೋಡಿ. ಎಲ್ಲಿ ಉಬ್ಬುತ್ತೋ ಕಣ್ಣಿಗೇ ಕಾಣುತ್ತೆ. ಅಲ್ಲಿ ಅಂಟು ಬೇಕು. ಪೂರ್ತಿ ಉದ್ದಕ್ಕೂ ಕಚ್ಚಿಸಿದರೆ ಇನ್ನೂ ಒಳ್ಳೆಯದು. ಆದರೆ ತಂತಿ ಒಳಗಿಟ್ಟೇ ಅಂಟಿಸಿ, ಮಧ್ಯೆ ಮಧ್ಯೆ ಎಳೆದು ನೋಡ್ತಾ ಇರಿ. ನಳಿಗೆ ತುದಿಯಲ್ಲಿ ತೆಳು ಸಿಎ (ಫೆವಿಕ್ವಿಕ್ ಥರದ, ತಕ್ಷಣ ಹಿಡಿಯುವ ಅಂಟು) ಒಂದು ಹನಿ ಒಳಗೆ ಹರಿದರೂ ತಂತಿ ಕಚ್ಚಿಕೊಂಡು ಸರ್ವೋ ಗುಂಯ್ ಅನ್ನಲು ಶುರು ಮಾಡುತ್ತೆ.

ಎರಡನೇದು ಹಾರ್ನ್ (ಎಲಿವೇಟರ್‌ಗೆ ಅಂಟಿಸಿದ, ತಂತಿ ಸಿಕ್ಕಿಸುವ ಚಿಕ್ಕ ತೋಳು) ರಂಧ್ರ. ಸರ್ವೋ ತೋಳಿನಲ್ಲಿ ಒಳಗಿನ ರಂಧ್ರ, ಎಲಿವೇಟರ್ ಹಾರ್ನ್‌ನಲ್ಲಿ ಹೊರಗಿನ ರಂಧ್ರ. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ ಆಮೇಲೆ ಟ್ರಾನ್ಸ್‌ಮಿಟರ್‌ನಲ್ಲಿ ರೇಟ್ (ಸರ್ವೋ ತಿರುಗುವ ಪ್ರಮಾಣ) ಅರ್ಧಕ್ಕೆ ಇಳಿಸುತ್ತಾರೆ. ಆಗ ಸರ್ವೋ ಗೇರಿನ ಆಟ ಎಲ್ಲ ದೊಡ್ಡದಾಗಿ ಬಾಲಕ್ಕೆ ಹೋಗುತ್ತೆ. ಗ್ಲೈಡರ್‌ಗೆ ಎಲಿವೇಟರ್ ಚಲನೆ ಜಾಸ್ತಿ ಬೇಡವೇ ಬೇಡ. ತಂತಿಯ ಝಡ್ ಆಕಾರದ ತುದಿ ಕೂರುವ ರಂಧ್ರ ಸಡಿಲ ಇದ್ದರೆ ತೋಳು ಬದಲಾಯಿಸಿ, ಅದರ ಮೇಲೆ ಅಂಟು ಸುರಿಯಬೇಡಿ.

ಈಗ ನಾನು ಎಲ್ಲರಿಗೂ ಹೇಳುವ ಕೆಲಸ. ಅಂಟು ಹಾಕುವ ಮುಂಚೆ ಇಡೀ ವಿಮಾನವನ್ನು ಟೇಪಿನಲ್ಲೇ ಕಟ್ಟಿ ಸಮತೋಲ ತೂಗಿ ನೋಡುವುದು. ಇದೊಂದು ಮಾಡಿದರೆ ಈ ಗುಂಪಿನಲ್ಲಿ ಬರುವ ಅರ್ಧ ಪ್ರಶ್ನೆ ಬರುವುದೇ ಇಲ್ಲ.

ಎರಡು ಹೋಳು ಸೇರಿಸಿ ಮೂಗಿನ ಹಿಂದೆ, ರೆಕ್ಕೆ ಹಿಂದೆ, ಬಾಲದ ಮುಂದೆ ಕಾಗದದ ಮಾಸ್ಕಿಂಗ್ ಟೇಪ್ ಸುತ್ತಿ. ಬ್ರೌನ್ ಟೇಪ್ ಬೇಡ, ಕೀಳುವಾಗ ಫೋಮ್ ಸಿಪ್ಪೆ ಎದ್ದು ಬರುತ್ತೆ. ಬಾಲದ ಮೂರು ತುಂಡನ್ನೂ ಟೇಪಿನಲ್ಲೇ ನಿಲ್ಲಿಸಿ. ಮೋಟರ್, ಸ್ಪಿನ್ನರ್ (ಪ್ರಾಪ್ ಮುಂದಿನ ಟೋಪಿ), ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), ರಿಸೀವರ್, ಸರ್ವೋ ಎಲ್ಲ ಅವುಗಳ ಜಾಗದಲ್ಲಿ. ಫೋಲ್ಡಿಂಗ್ ಪ್ರಾಪ್ ಬ್ಲೇಡ್ ಹಿಂದಕ್ಕೆ ಮಡಚಿರಲಿ, ಯಾಕೆಂದರೆ ಗ್ಲೈಡ್ ಮಾಡುವಾಗ ಅದು ಹಾಗೇ ಇರುತ್ತೆ. ಕ್ಯಾನೊಪಿ (ಮೂಗಿನ ಮೇಲಿನ ಮುಚ್ಚಳ) ಮುಚ್ಚಿ. ರೆಕ್ಕೆ ಹಾಕಿ. ಬ್ಯಾಟರಿ ಮಾತ್ರ ಸಡಿಲ ಇರಲಿ.

ರೆಕ್ಕೆ ಬುಡದಲ್ಲಿ, ಮುಂದಿನ ಅಂಚಿನಿಂದ ಕಿಟ್ ಪುಸ್ತಕ ಹೇಳಿದಷ್ಟು ಮಿ.ಮೀ ಹಿಂದೆ, ಕೆಳಗಡೆ ಎರಡೂ ಬದಿ ಪೆನ್ನಿನಲ್ಲಿ ಗುರುತು ಹಾಕಿ. ಅಳೆಯುವಾಗ ಫ್ಯೂಸ್‌ಗೆ ಅಂಟಿದಂತೆ ಅಳೆಯಿರಿ, ರೆಕ್ಕೆ ನಡುವೆ ಅಲ್ಲ. ರಬ್ಬರ್ ಇರುವ ಎರಡು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ಆ ಗುರುತಿನ ಮೇಲೆ ಕೂರಿಸಿ. ಬೆರಳಲ್ಲಿ ಎತ್ತಿ ನೋಡಿದೆ, ಸರಿ ಇದೆ ಅನ್ನಬೇಡಿ. ಬೆರಳು ಅಗಲ, 5 ಮಿ.ಮೀ ಆಚೆ ಈಚೆ ಗೊತ್ತೇ ಆಗಲ್ಲ, ಗ್ಲೈಡರ್‌ಗೆ 5 ಮಿ.ಮೀ ಅಂದರೆ ಬಹಳ. ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿ. ಈಗ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಮೂಗು ಸ್ವಲ್ಪವೇ ಸ್ವಲ್ಪ ಕೆಳಗೆ ನೋಡುವ ಜಾಗ ಸಿಕ್ಕಿತಾ? ಅಲ್ಲಿ ಗೆರೆ ಎಳೆಯಿರಿ. ಆಮೇಲೆ ಬಾಲಕ್ಕೆ ಬೀಳುವ ಅಂಟಿನ ತೂಕ ಇದೆ, ಅದಕ್ಕೇ ಈಗ ಮೂಗು ಸ್ವಲ್ಪ ಭಾರ ಇರಲಿ ಅನ್ನೋದು.

ಬ್ಯಾಟರಿ ಮುಂದೆ ಹೋಗಲು ಜಾಗ ಇಲ್ಲದಿದ್ದರೆ ಜಾಗ ಮಾಡಿ. ಹೋಳು ತೆರೆದಿರುವಾಗ ಹೊಸ ಬ್ಲೇಡ್ ಹಾಕಿದ ಕಟರ್‌ನಲ್ಲಿ ಒಳಗಿನ ಫೋಮ್ ಕೊರೆಯುವುದು ಸುಲಭ, ಅಂಟಿಸಿದ ಮೇಲೆ ಕ್ಯಾನೊಪಿ ಕಿಂಡಿಯಿಂದ ಕೈ ಹಾಕಿ ಕೊರೆಯುವುದು ನರಕ. 150 ಗ್ರಾಂ ಬ್ಯಾಟರಿ 2 ಸೆಂ.ಮೀ ಮುಂದೆ ಹೋದರೆ ಮೂಗಿನಲ್ಲಿ 11 ಗ್ರಾಂ ಸೀಸ ಹಾಕಿದಷ್ಟು ಆಯ್ತು, ಒಂದು ಗ್ರಾಂ ಏರದೆ. ಮೋಟರ್ ಮೌಂಟ್ ಸುತ್ತ ಮಾತ್ರ ಕೊರೆಯಬೇಡಿ, ಇಎಸ್‌ಸಿಗೆ ಗಾಳಿ ಹೋಗುವ ದಾರಿ ಮುಚ್ಚಬೇಡಿ. ಬಿಸಿ ಗಾಳಿ ಹೊರಗೆ ಹೋಗುವ ಕಿಂಡಿ ಒಳಗೆ ಬರುವ ಕಿಂಡಿಗಿಂತ ದೊಡ್ಡದಿರಲಿ. ಇಷ್ಟಾದರೂ ತೂಕ ಸಾಲದಿದ್ದರೆ ದೊಡ್ಡ ಬ್ಯಾಟರಿ ಹಾಕಿ, 3ಎಸ್ (ಮೂರು ಸೆಲ್) 1800 ಎಂಎಎಚ್ ಬದಲು 2200. ಸೀಸದ ಹಾಗೇ ಇದೂ ತೂಕ ಏರಿಸುತ್ತೆ, ಆದರೆ ಇದು ಕರೆಂಟ್ ಕೊಡುತ್ತೆ. ಸೀಸ ಏನು ಕೊಡುತ್ತೆ?

ಬಾಲಕ್ಕೆ ಬಣ್ಣ ಬೇರೆ ಹೊಡೆದಿದ್ದೀರಿ. ಕೆಂಪು ಸ್ಪ್ರೇ, ಅದರ ಮೇಲೆ ಅಗಲ ಟೇಪ್. ಚೆನ್ನಾಗಿ ಕಾಣುತ್ತೆ, ಇಲ್ಲ ಅನ್ನಲ್ಲ. ಆದರೆ ಬಾಲದ ತುದಿ ಸಿಜಿಯಿಂದ 75 ಸೆಂ.ಮೀ ದೂರ ಇದ್ದರೆ ಅಲ್ಲಿಯ 10 ಗ್ರಾಂ ಮೂಗಿನಲ್ಲಿ 28 ಗ್ರಾಂ ಕೇಳುತ್ತೆ. ಟೇಪ್ ತೆಗೆದುಬಿಡಿ. ಬಣ್ಣ ಬೇಕಿದ್ದರೆ ರೆಕ್ಕೆ ಕೆಳಗೆ ಹಾಕಿ, ಎತ್ತರದಲ್ಲಿ ದಿಕ್ಕು ಗೊತ್ತಾಗಲು ಅದು ಬೇಕೇ ಬೇಕು. ನಮ್ಮ ಬಿಸಿಲಲ್ಲಿ ಮೇಲ್ಭಾಗಕ್ಕೆ ಕಪ್ಪು, ಕಡು ನೀಲಿ ಹಾಕಬೇಡಿ, ಫೋಮ್ ಬಿಸಿಯಾಗಿ ಸೊಟ್ಟಗಾಗುತ್ತೆ.

ಅಂಟಿನ ಬಗ್ಗೆ. ಕಾಮೆಂಟ್‌ನಲ್ಲಿ ಒಬ್ಬರು ಗ್ಲೂ ಗನ್ ಸಾಕು ಅಂದಿದ್ದಾರೆ. ಫ್ಯೂಸ್ ಜೋಡಣೆಗೆ ದಯವಿಟ್ಟು ಬೇಡ. ಭಾರ, ದಪ್ಪ, ಹೋಳುಗಳ ನಡುವೆ ಸಂದು ಬಿಡುತ್ತೆ, ಮೇಲಾಗಿ ಕಾರಿನಲ್ಲಿ ಬಿಸಿಲಿಗೆ ಮೆತ್ತಗಾಗಿ ಬಿಟ್ಟುಕೊಳ್ಳುತ್ತೆ. ಇನ್ನೊಬ್ಬರು ಸಿಎ ಹಾಕಿದರೆ ಫೋಮ್ ಕರಗುತ್ತೆ ಅಂದಿದ್ದಾರೆ. ಕರಗುವುದು ಥರ್ಮಾಕೋಲ್, ಡೆಪ್ರಾನ್. ಇಪಿಒ, ಇಪಿಪಿ, ಮಲ್ಟಿಪ್ಲೆಕ್ಸ್ ಕಂಪನಿಯವರ ಎಲಾಪೋರ್ ಇವೆಲ್ಲ ಸಾದಾ ಸಿಎ ತಡೆಯುತ್ತವೆ. ಎಲಾಪೋರ್‌ಗೆ ಅವರೇ ಸಿಎ ಮತ್ತು ಕಿಕ್ಕರ್ (ಸಿಎ ಬೇಗ ಗಟ್ಟಿಯಾಗಲು ಹೊಡೆಯುವ ಸ್ಪ್ರೇ) ಹಾಕಿ ಅಂತಾರೆ, ಎಪಾಕ್ಸಿ ಬೇಡ ಅಂತಾರೆ. ಆದರೂ ನಿಮ್ಮ ಕಿಟ್ ಯಾವ ಫೋಮ್ ಅಂತ ಡಬ್ಬಿ ನಂಬಬೇಡಿ, ಕೊರೆದ ಚೂರಿನ ಮೇಲೆ ಒಂದು ಹನಿ ಹಾಕಿ ನೋಡಿ. ಫೆವಿಕ್ವಿಕ್ ಕೂಡ ಸಿಎಯೇ, ಸಣ್ಣ ರಿಪೇರಿಗೆ ಪರವಾಗಿಲ್ಲ, ಆದರೆ ತೀರಾ ತೆಳು. ಇಡೀ ಫ್ಯೂಸ್‌ಗೆ ಮೀಡಿಯಂ ಸಿಎ ದೊಡ್ಡ ಬಾಟಲಿ ತನ್ನಿ. ಯುಹು ಪೋರ್ ಅನ್ನೋ ಫೋಮ್ ಅಂಟು ಸಿಕ್ಕರೆ ನನಗೆ ರೆಕ್ಕೆಯ ಕಾರ್ಬನ್ ಕಡ್ಡಿಗೆ ಅದೇ ಇಷ್ಟ, ಸ್ವಲ್ಪ ಬಾಗುತ್ತೆ, ಒಡೆಯಲ್ಲ.

ಕಿಕ್ಕರ್ ಹಾಕುವುದಾದರೆ ಒಂದು ಹೋಳಿಗೆ ಸ್ಪ್ರೇ ಮಾಡಿ ಒಂದೆರಡು ನಿಮಿಷ ಆರಲು ಬಿಡಿ, ಇನ್ನೊಂದಕ್ಕೆ ಸಿಎ ಹಾಕಿ ಸೇರಿಸಿ. ಸೇರಿದ ಕ್ಷಣ ಮುಗಿಯಿತು, ಸರಿಸಲು ಆಗಲ್ಲ. ಅದಕ್ಕೇ ಉದ್ದ ಫ್ಯೂಸ್‌ಗೆ ನಾನು ಕಿಕ್ಕರ್ ಮುಟ್ಟುವುದಿಲ್ಲ. ಬರೀ ಮೀಡಿಯಂ ಸಿಎ, ರೆಕ್ಕೆ ಕೂರುವ ಜಾಗದಿಂದ ಶುರು ಮಾಡಿ ಬಾಲದ ಕಡೆ ಸ್ವಲ್ಪ ಸ್ವಲ್ಪ ಹೋಗಿ, ಕೊನೆಗೆ ಮೂಗು. ಪ್ರತಿ ಸಲ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಬಾಳೆಕಾಯಿಯಂತೆ ಬಾಗಿದೆಯಾ ಅಂತ. ಬಾಗಿದ ಫ್ಯೂಸ್ ಆಮೇಲೆ ರಡ್ಡರ್ ಟ್ರಿಮ್‌ನಿಂದ (ಟ್ರಾನ್ಸ್‌ಮಿಟರ್‌ನಲ್ಲಿ ನಡುಸ್ಥಾನ ಸ್ವಲ್ಪ ಸರಿಸುವುದು) ಸರಿ ಹೋಗಲ್ಲ. ಮಕ್ಕಳು ಪಕ್ಕದಲ್ಲಿ ಇರಬಾರದು, ಸಿಎ ಹೊಗೆ ಕಣ್ಣು ಉರಿಸುತ್ತೆ. ಕಾರ್ಬನ್ ಕಡ್ಡಿ ಕತ್ತರಿಸಿ ಉಜ್ಜುವಾಗ ಮಾಸ್ಕ್ ಹಾಕಿ, ನೀರು ಹಚ್ಚಿ ಉಜ್ಜಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ರಿಸೀವರ್ ಆಂಟೆನಾ ಎರಡನ್ನೂ ಕಾರ್ಬನ್‌ನಿಂದ ದೂರ, ಒಂದಕ್ಕೊಂದು 90 ಡಿಗ್ರಿ ಇಡಿ. ಹೋಳು ಮುಚ್ಚಿದ ಮೇಲೆ ಇದು ಯಾರಿಗೂ ನೆನಪಾಗಲ್ಲ.

ನಿಮ್ಮ ಫೋಟೋದಲ್ಲಿರುವ ಆ ನೀಲಿ ಅಗ್ಗದ ಸರ್ವೋ ಬಗ್ಗೆಯೂ ಹೇಳಿಬಿಡುತ್ತೇನೆ. ರಡ್ಡರ್‌ಗೆ ಇರಲಿ, ಎಲಿವೇಟರ್‌ಗೆ ಬೇಡ. ನಡುಸ್ಥಾನಕ್ಕೆ ಸರಿಯಾಗಿ ವಾಪಸ್ ಬರದ ಸರ್ವೋ ಇದ್ದರೆ ಇಡೀ ದಿನ ಟ್ರಿಮ್ ಒತ್ತುತ್ತಾ ಕೂರಬೇಕು. ಸ್ಟಿಕ್ ಮೇಲಿಂದ ಬಿಟ್ಟಾಗ, ಕೆಳಗಿನಿಂದ ಬಿಟ್ಟಾಗ ಎಲಿವೇಟರ್ ಒಂದೇ ಜಾಗದಲ್ಲಿ ನಿಲ್ಲುತ್ತಾ ಅಂತ ಹತ್ತು ಸಲ ನೋಡಿ. ನಿಲ್ಲದಿದ್ದರೆ ಅಂಟಿಸುವ ಮುಂಚೆ ಬದಲಾಯಿಸಿ. ಇಎಸ್‌ಸಿಯಲ್ಲಿ ಬ್ರೇಕ್ ಆನ್ ಮಾಡಿ, ಇಲ್ಲದಿದ್ದರೆ ಪ್ರಾಪ್ ಮಡಚಿಕೊಳ್ಳದೆ ಗಾಳಿಗೆ ತಿರುಗುತ್ತಾ ಇರುತ್ತೆ. ಕರೆಂಟ್ ಕೊಟ್ಟು ಮಾಡುವ ಈ ಟೆಸ್ಟೆಲ್ಲ ಪ್ರಾಪ್ ಬಿಚ್ಚಿಟ್ಟು ಮಾಡಿ, ಇದನ್ನು ಸುಮ್ನೆ ಹೇಳ್ತಿಲ್ಲ. ಮೇಜಿನ ಮೇಲೆ ಅಕಸ್ಮಾತ್ ಥ್ರಾಟಲ್ ತಗುಲಿದರೆ ಬೆರಳು ಹೋಗುತ್ತೆ.

ಭಾನುವಾರ ಹಾರಿಸಲೇಬೇಕು ಅಂತಿದ್ದೀರಿ. ಮುಂದಿನ ಭಾನುವಾರ ಹಾರಿಸಿ ಸರ್, ಗಾಳಿ ಎಲ್ಲೂ ಹೋಗಲ್ಲ. ಬೆಳಿಗ್ಗೆ ಬೇಗ, ಎಲೆ ಅಲುಗಾಡದ ಹೊತ್ತಿಗೆ ಹೋಗಿ. ಥರ್ಮಲ್ ಆಸೆ ಮೊದಲ ದಿನ ಬೇಡ. ಟ್ರಿಮ್ ಆದ ಮೇಲೆ ಬಿಸಿಲು ಏರಿದಾಗ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿರುವ ಕಡೆ ಹೋದರಾಯ್ತು. ಜಾಗ ಆರಿಸುವ ಮುಂಚೆ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವಾ ಅಂತ ನೋಡಿ. ಹಸಿರಲ್ಲೂ 400 ಅಡಿ ಮಿತಿ ಇದೆ. ಬೆಂಗಳೂರಿನವರು ಜಕ್ಕೂರು, ಯಲಹಂಕ, ಎಚ್‌ಎಎಲ್ ಸುತ್ತಮುತ್ತ ಯೋಚನೆಯನ್ನೂ ಮಾಡಬೇಡಿ.

ಮೊದಲು ಮೋಟರ್ ಓಡಿಸದೆ ಹುಲ್ಲಿನ ಮೇಲೆ ಎಸೆದು ನೋಡಿ. ಗಾಳಿಗೆ ಎದುರಾಗಿ, ರೆಕ್ಕೆ ಮಟ್ಟವಾಗಿ, ಮೂಗು ದಿಗಂತಕ್ಕೆ. ಮೇಲಕ್ಕೆ ಎಸೆಯುವ ಚಟ ಎಲ್ಲರಿಗೂ ಇದೆ, ಮೇಲಕ್ಕೆ ಎಸೆದರೆ ಸ್ಟಾಲ್ ಆಗಿ (ವೇಗ ಸಾಲದೆ ರೆಕ್ಕೆ ಹಿಡಿತ ತಪ್ಪಿ) ಮೂಗಿನ ಮೇಲೆ ಬೀಳುತ್ತೆ, ಆಮೇಲೆ ಸಿಜಿ ಸರಿ ಇಲ್ಲ ಅಂತೀರಿ. ಎತ್ತರಕ್ಕೆ ಹೋಗಿ ಟ್ರಿಮ್ ಆದ ಮೇಲೆ ಡೈವ್ ಟೆಸ್ಟ್ ಮಾಡಿ. ಮೋಟರ್ ಆಫ್, ಮೂಗು ಮೆಲ್ಲಗೆ ಕೆಳಗೆ ತಳ್ಳಿ ಎಲಿವೇಟರ್ ಬಿಟ್ಟುಬಿಡಿ. ಜೋರಾಗಿ ಮೇಲೆದ್ದರೆ ಸಿಜಿ ಇನ್ನೂ ಮುಂದಿದೆ, ಬ್ಯಾಟರಿ 2 ಮಿ.ಮೀ ಹಿಂದೆ ತನ್ನಿ. ಡೈವ್ ಇನ್ನೂ ಕಡಿದಾಗುತ್ತಾ ಹೋದರೆ ಸಿಜಿ ಹಿಂದಿದೆ, ಕೂಡಲೇ ಇಳಿಸಿ. ನಿಧಾನವಾಗಿ ತಾನಾಗೇ ಮಟ್ಟಕ್ಕೆ ಬಂದರೆ ಅದೇ ಜಾಗ. ಬ್ಯಾಟರಿ ಟ್ರೇಯಲ್ಲಿ ಗೆರೆ ಗಟ್ಟಿ ಮಾಡಿಕೊಳ್ಳಿ. ಒಂದು ಸಲಕ್ಕೆ 2 ಮಿ.ಮೀಗಿಂತ ಜಾಸ್ತಿ ಸರಿಸಬೇಡಿ.

ಅಂದಹಾಗೆ ಸರ್ವೋ ಕಿತ್ತ ಮೇಲೆ ಬಾಲದಲ್ಲಿ ಉಳಿಯುವ ಎರಡು ಗೂಡು ಹಾಗೇ ಬಿಡಬೇಡಿ. ಫ್ಯೂಸ್ ಅಲ್ಲಿ ಮೊದಲೇ ತೆಳು, ಮೊದಲ ಗಟ್ಟಿ ಲ್ಯಾಂಡಿಂಗ್‌ಗೆ ಅಲ್ಲೇ ಮುರಿಯುತ್ತೆ. ಕೊರೆದು ತೆಗೆದ ತುಂಡು ಇಟ್ಟುಕೊಂಡಿದ್ದರೆ ಅದನ್ನೇ ವಾಪಸ್ ಅಂಟಿಸಿ. ಬಿಸಾಡಿದ್ದರೆ ಬ್ಯಾಟರಿ ಜಾಗಕ್ಕೆ ಕೊರೆದ ಚೂರು ಅಳತೆಗೆ ಕತ್ತರಿಸಿ, ಸಡಿಲ ಇಲ್ಲದಂತೆ ಒತ್ತಿ ಕೂರಿಸಿ. ಮೇಲೆ ನೂಲಿನ ಎಳೆ ಇರುವ ಫೈಬರ್ ಟೇಪ್, ಅರ್ಧ ಇಂಚು ಅಗಲ, ಗೂಡಿನ ಎರಡೂ ಕಡೆ ಒಂದು ಗೇಣು ಮುಂದಕ್ಕೆ ಹೋಗುವಂತೆ, ಎಡಕ್ಕೊಂದು ಬಲಕ್ಕೊಂದು. ಇದರ ತೂಕ ಒಂದೆರಡು ಗ್ರಾಂ ಆಗಬಹುದು, ಆದ್ದರಿಂದ ಮೊದಲು ಇದನ್ನು ಮುಗಿಸಿ, ಆಮೇಲೆ ಪೆನ್ಸಿಲ್ ಮೇಲೆ ತೂಗಿ. ಆ ಫೋಟೋ ಇಲ್ಲಿ ಹಾಕಿ, ಪಕ್ಕದಿಂದ ತೆಗೆದದ್ದು, ಬ್ಯಾಟರಿ ಎಲ್ಲಿದೆ ಅಂತ ಕಾಣಬೇಕು. ನೋಡಿ ಹೇಳ್ತೀನಿ, ಅಲ್ಲೀವರೆಗೆ ಸಿಎ ಬಾಟಲಿ ಮುಚ್ಚಳ ತೆಗೆಯಬೇಡಿ.