ಓದುಗರ ಪ್ರಶ್ನೆಗಳಿಗೆ ಉತ್ತರ: ವಿಮಾನ ನಿಲ್ದಾಣದ ಕೋಲ್ಡ್ ರೂಮಿನ ಕೆಲಸ

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಔಷಧ, ಹೂವು, ತರಕಾರಿಗಳನ್ನು ತಂಪಿನಲ್ಲಿಟ್ಟು ವಿಮಾನಕ್ಕೆ ಏರಿಸುವ ವಿಭಾಗದಲ್ಲಿ ಕೆಲಸ ಖಾಲಿ ಇದೆ ಎಂದು ಸ್ನೇಹಿತರು ತಿಳಿಸಿದ್ದಾರೆ. ಪೆಟ್ಟಿಗೆ ಎತ್ತಿಡುವುದಕ್ಕೆ ಪದವಿ ಏಕೆ ಬೇಕು ಎಂದು ಮನೆಯಲ್ಲಿ ಕೇಳುತ್ತಾರೆ. ಅಲ್ಲಿ ನಿಜವಾಗಿ ಇರುವ ಕೆಲಸವೇನು?
– ಓದುಗರು, ದೇವನಹಳ್ಳಿ

ಉತ್ತರ: ಪೆಟ್ಟಿಗೆ ಎತ್ತಿಡುವ ಕೆಲಸ ಅಲ್ಲಿದೆ, ಅದನ್ನು ಅರಿತು ಮಾಡುವವರಿಲ್ಲದೆ ಉಳಿದ ಯಾವ ಕೆಲಸವೂ ಸಾಗುವುದಿಲ್ಲ. ಆದರೆ ನಿಮ್ಮಂತಹ ಪದವೀಧರರಿಗೆ ಹೆಚ್ಚಾಗಿ ಸಿಗುವುದು ಸರಕನ್ನು ಪರಿಶೀಲಿಸಿ ಸ್ವೀಕರಿಸುವ, ದಾಖಲೆ ನೋಡಿಕೊಳ್ಳುವ ಮತ್ತು ಉಷ್ಣಾಂಶದ ಮೇಲೆ ನಿಗಾ ಇಡುವ ಜವಾಬ್ದಾರಿ. ಬೇಗ ಕೆಡುವ ಸರಕಿಗೆಂದೇ ಬೆಂಗಳೂರಿನ ನಿಲ್ದಾಣದ ಆವರಣದಲ್ಲಿ ಏರ್ ಇಂಡಿಯಾ ಸ್ಯಾಟ್ಸ್ ಸಂಸ್ಥೆಯು 2016ರಲ್ಲಿ ಕೂಲ್‌ಪೋರ್ಟ್ ಎಂಬ ಪ್ರತ್ಯೇಕ ಕೇಂದ್ರವನ್ನು ಆರಂಭಿಸಿತು. ವರ್ಷಕ್ಕೆ 40,000 ಟನ್ ಸರಕು ನಿಭಾಯಿಸುವ ಸಾಮರ್ಥ್ಯದೊಂದಿಗೆ ಆರಂಭವಾದ ಆ ಕೇಂದ್ರದಲ್ಲಿ ಮೈನಸ್ 25ರಿಂದ 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆ ಬೇರೆ ಕೊಠಡಿಗಳಿವೆ. ಯಾವ ಸರಕು ಯಾವ ಕೊಠಡಿಗೆ, ಎಷ್ಟು ಬೇಗ ಹೋಗಬೇಕು ಎಂಬುದನ್ನು ತಪ್ಪಿಲ್ಲದೆ ನಿರ್ಧರಿಸುವುದೇ ಅಲ್ಲಿನ ಮುಖ್ಯ ಕೆಲಸ.

ಇದು ಹೊರಗಿನವರು ಭಾವಿಸುವಷ್ಟು ಸುಲಭವಲ್ಲ. ಹೆಚ್ಚು ತಣ್ಣಗಿದ್ದಷ್ಟೂ ಔಷಧ ಸುರಕ್ಷಿತ ಎಂಬ ನಂಬಿಕೆ ಹೊಸಬರಲ್ಲಿ ಸಾಮಾನ್ಯ. ಹೆಪಟೈಟಿಸ್ ಬಿ ಲಸಿಕೆ, ಇನ್ಸುಲಿನ್ ಮುಂತಾದವು ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಬಳಸಲು ಬರುವುದಿಲ್ಲ. ಆದ್ದರಿಂದ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಪೆಟ್ಟಿಗೆಯನ್ನು ಅವಸರದಲ್ಲಿ ಮೈನಸ್ 20ರ ಕೊಠಡಿಗೆ ತಳ್ಳಿದರೆ, ಸ್ವಲ್ಪ ಹೊತ್ತು ಹೊರಗಿಟ್ಟಿದ್ದರೆ ಆಗಬಹುದಾಗಿದ್ದುದಕ್ಕಿಂತ ಹೆಚ್ಚಿನ ನಷ್ಟವಾಗುತ್ತದೆ.

ಸ್ವೀಕರಿಸುವ ಮೇಜಿನ ಬಳಿ ನಡೆಯುವ ಒಂದು ಸಂಗತಿಯನ್ನು ಹೇಳುತ್ತೇನೆ. ಔಷಧದ ಸರಕಿನ ಮೇಲೆ ಸಮಯ ಮತ್ತು ಉಷ್ಣಾಂಶವನ್ನು ಸೂಚಿಸುವ ಐಯಾಟಾದ (ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ) ಲೇಬಲ್ ಇರಲೇಬೇಕು. 2012ರ ಜುಲೈನಿಂದ ಇದು ಕಡ್ಡಾಯ. ಅದರ ಕೆಳಭಾಗದಲ್ಲಿ ಸಾಗಣೆಯ ಉಷ್ಣಾಂಶವನ್ನು ಬರೆದಿರಬೇಕು, ಆ ಜಾಗ ಖಾಲಿ ಇರುವಂತಿಲ್ಲ. ಹಲವು ಬಾರಿ ರಟ್ಟಿನ ಪೆಟ್ಟಿಗೆಯ ಮೇಲೆ 2ರಿಂದ 8 ಎಂದು ಅಚ್ಚಾಗಿರುತ್ತದೆ, ಲೇಬಲ್ಲಿನಲ್ಲಿ ಮಾತ್ರ 15ರಿಂದ 25 ಎಂದಿರುತ್ತದೆ. ಪೆಟ್ಟಿಗೆಯ ಒಳಗೆ ಲೆಕ್ಕಹಾಕಿ ಜೆಲ್ ಪ್ಯಾಕ್‌ಗಳನ್ನು ಇಟ್ಟಿರುವುದರಿಂದ, ಹೊರಗೆ 15ರಿಂದ 25 ಇದ್ದರೆ ಒಳಗೆ 2ರಿಂದ 8 ಉಳಿಯುವಂತೆ ಕಳುಹಿಸುವವರು ವ್ಯವಸ್ಥೆ ಮಾಡಿರುತ್ತಾರೆ. ಅದನ್ನರಿಯದೆ ತಂಪಿನ ಕೊಠಡಿಗೆ ಹಾಕಿದರೆ ಒಳಗಿನ ಔಷಧ ಹೆಪ್ಪುಗಟ್ಟುವ ಅಪಾಯವಿದೆ. ಲೇಬಲ್ಲು, ಬುಕಿಂಗ್ ಮತ್ತು ಏರ್ ವೇ ಬಿಲ್ (ವಿಮಾನ ಸರಕಿನ ರವಾನೆ ಪತ್ರ) ಮೂರನ್ನೂ ಹೋಲಿಸಿ, ಅನುಮಾನವಿದ್ದರೆ ಸರಕು ಕಳುಹಿಸುವವರ ಏಜೆಂಟರಿಗೆ ಫೋನ್ ಮಾಡಿ ಕೇಳಿ, ಆ ನಂತರವೇ ಸಹಿ ಹಾಕುವ ವ್ಯವಧಾನ ನಿಮಗಿದ್ದರೆ ಈ ಕೆಲಸ ನಿಮಗೆ ಒಗ್ಗುತ್ತದೆ.

ಉಷ್ಣಾಂಶ ಮಿತಿ ಮೀರಿದ್ದು ಕಂಡರೆ ಅದನ್ನು ಸಮಯ ಸಹಿತ ಬರೆದಿಡಬೇಕು. ಆ ಔಷಧ ಇನ್ನೂ ಬಳಸಲು ಯೋಗ್ಯವೇ ಎಂದು ತೀರ್ಮಾನಿಸುವುದು ಅದನ್ನು ತಯಾರಿಸಿದ ಕಂಪನಿಯ ಗುಣಮಟ್ಟ ವಿಭಾಗ. ನಿಮ್ಮ ಪ್ರಾಮಾಣಿಕ ದಾಖಲೆಯಿಲ್ಲದಿದ್ದರೆ ಆ ತೀರ್ಮಾನ ಸಾಧ್ಯವಿಲ್ಲ. ಮೇಲಧಿಕಾರಿಯ ಬೈಗುಳಕ್ಕೆ ಹೆದರಿ ಅಂಕಿ ತಿದ್ದಿದವರ ಕೈಯಿಂದ ಕೆಟ್ಟ ಔಷಧ ರೋಗಿಯ ಮೈಗೆ ಸೇರುತ್ತದೆ ಎಂಬುದನ್ನು ನಾನು ಹೊಸಬರಿಗೆ ಮೊದಲ ದಿನವೇ ಹೇಳುತ್ತೇನೆ.

ಪ್ರಶ್ನೆ: ನಮ್ಮದು ಪಾಲಿಹೌಸ್ ಗುಲಾಬಿ. ಕೋಲ್ಡ್ ರೂಮಿಗೆ ಬಾಡಿಗೆ ಕೊಟ್ಟು, ರೀಫರ್ (ತಂಪು ಯಂತ್ರವಿರುವ) ಲಾರಿಯಲ್ಲೇ ಕಳುಹಿಸಿದರೂ ವಿದೇಶದ ಖರೀದಿದಾರರು ಹೂವಿನ ದಳದಲ್ಲಿ ಬೂಷ್ಟು ಬಂದಿದೆ ಎಂದು ಹಣ ಕಡಿತ ಮಾಡುತ್ತಾರೆ. ತಪ್ಪು ವಿಮಾನ ನಿಲ್ದಾಣದವರದೇ?
– ಓದುಗರು, ದೊಡ್ಡಬಳ್ಳಾಪುರ

ಉತ್ತರ: ಕೆಲವೊಮ್ಮೆ ನಿಲ್ದಾಣದವರದು, ಕೆಲವೊಮ್ಮೆ ಪ್ಯಾಕಿಂಗ್ ಮನೆಯದು. ಎರಡನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪ್ರೇಮಿಗಳ ದಿನದ ಹಂಗಾಮಿನಲ್ಲಿ ದೊಡ್ಡಬಳ್ಳಾಪುರ, ಹೊಸೂರು ಭಾಗದ ಬೆಳೆಗಾರರ ವರ್ಷದ ದುಡಿಮೆಯ ದೊಡ್ಡ ಪಾಲು ಈ ಪೆಟ್ಟಿಗೆಗಳಲ್ಲೇ ಇರುತ್ತದೆ.

ಕೊಯ್ದ ಹೂವು ಉಸಿರಾಡುತ್ತಲೇ ಇರುತ್ತದೆ, ಆ ಉಸಿರಾಟದಿಂದ ಶಾಖ ಹುಟ್ಟುತ್ತದೆ. ನಿಲ್ದಾಣದ ಕೋಲ್ಡ್ ರೂಮ್ ಇರುವುದು ತಣ್ಣಗಿರುವ ಸರಕನ್ನು ತಣ್ಣಗೇ ಇಡಲು. ಬಿಗಿಯಾಗಿ ಕಟ್ಟಿದ ಪೆಟ್ಟಿಗೆಯ ನಡುವಿನ ಬಿಸಿಯನ್ನು ಕೆಲವೇ ಗಂಟೆಗಳಲ್ಲಿ ಹೊರತೆಗೆಯುವ ಶಕ್ತಿ ಅದಕ್ಕಿಲ್ಲ. ನಡುವಿನ ಪೆಟ್ಟಿಗೆಯ ಕೈತೂತಿನಿಂದ ಕಡ್ಡಿ ಥರ್ಮಾಮೀಟರ್ ಒಳಗಿಟ್ಟು ನೋಡಿ: ಹೊರಗಿನ ಗೋಡೆಯ ಮೇಲೆ 4 ಡಿಗ್ರಿ ತೋರಿಸುವಾಗಲೂ ಕಟ್ಟಿನ ಒಡಲಲ್ಲಿ 12, 14 ಡಿಗ್ರಿ ಇರಬಹುದು. ಆದ್ದರಿಂದ ಕೊಯ್ದ ಕೂಡಲೇ ಹೂವನ್ನು 2ರಿಂದ 4 ಡಿಗ್ರಿಗೆ ಇಳಿಸಿ, ಆ ನಂತರವೇ ಪ್ಯಾಕ್ ಮಾಡುವುದು ನಿಮ್ಮ ಕೈಯಲ್ಲಿರುವ ಎಲ್ಲಕ್ಕಿಂತ ದೊಡ್ಡ ಉಪಾಯ. ಪೆಟ್ಟಿಗೆಗಳ ಗಾಳಿತೂತುಗಳನ್ನು ಪ್ಲಾಸ್ಟಿಕ್ ಸುತ್ತಿ ಮುಚ್ಚಬೇಡಿ ಎಂದು ನಿಮ್ಮ ಏಜೆಂಟರಿಗೂ ಬರೆದು ಕೊಡಿ.

ಇನ್ನು ನಮ್ಮ, ಅಂದರೆ ನಿಲ್ದಾಣದವರ ಕಡೆಯ ತಪ್ಪು. ಲಾರಿಯಿಂದ ಇಳಿಸುವಾಗ, ಎಕ್ಸ್‌ರೇ ತಪಾಸಣೆಯಲ್ಲಿ, ರೋಗ, ಕೀಟ ಇವೆಯೇ ಎಂದು ಪರೀಕ್ಷಿಸುವ ಸಸ್ಯ ಸಂಗರೋಧ ಅಧಿಕಾರಿಗಳು ಪೆಟ್ಟಿಗೆ ತೆರೆದು ನೋಡುವಾಗ, ಕೊನೆಗೆ ಪ್ಯಾಲೆಟ್ (ಸರಕು ಜೋಡಿಸುವ ಹಲಗೆ) ಕಟ್ಟಿ ಬಲೆ ಬಿಗಿದು ವಿಮಾನದ ಬುಡದಲ್ಲಿ ನಿಲ್ಲಿಸುವಾಗ ಸರಕು ಸಾಮಾನ್ಯ ಗಾಳಿಗೆ ಒಡ್ಡಿಕೊಳ್ಳುತ್ತದೆ. ತಣ್ಣನೆಯ ದಳದ ಮೇಲೆ ಬಿಸಿ ಗಾಳಿ ತಾಗಿದೊಡನೆ ಹನಿ ಕಟ್ಟುತ್ತದೆ. ಆ ತೇವವೇ ಬೊಟ್ರೈಟಿಸ್ ಎಂಬ ಬೂದು ಬೂಷ್ಟಿಗೆ ಬೇಕಾದ ನೆಲೆ. ನಿಮ್ಮ ಖರೀದಿದಾರರು ಹೇಳುತ್ತಿರುವುದು ಬಹುಪಾಲು ಇದನ್ನೇ. ವಿಮಾನ ತಡವಾದ ಸುದ್ದಿ ಕೋಲ್ಡ್ ರೂಮಿಗೆ ತಲುಪದೆ ಪ್ಯಾಲೆಟ್ಟನ್ನು ಮೊದಲೇ ಹೊರಗೆ ತಂದಿಡುವುದು ನಾನು ಕಂಡಿರುವ ಅತ್ಯಂತ ಸಾಮಾನ್ಯ ಲೋಪ, ಒಂದು ವಾಕಿಟಾಕಿ ಕರೆಯಿಂದ ತಪ್ಪಿಸಬಹುದಾದದ್ದು. ಹೊದಿಸುವ ಬೆಳ್ಳಿಬಣ್ಣದ ಥರ್ಮಲ್ ಹೊದಿಕೆ ಬಿಸಿಲನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ತಂಪು ಮಾಡುವುದಿಲ್ಲ.

ಗುಲಾಬಿಯನ್ನು ಮಾಗುವ ಹಣ್ಣುಗಳಿರುವ ಕೊಠಡಿಯಲ್ಲಿ ಇಡುವುದೂ ಸರಿಯಲ್ಲ. ಮಾವಿನ ಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದರಿಂದ ಹೂವು ಬೇಗ ಮುಪ್ಪಾಗುತ್ತದೆ. ಮಾವಿಗೆ ಗುಲಾಬಿಯ ತಂಪು ಕೊಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಪ್ರತಿ ರವಾನೆಯಲ್ಲೂ ಒಂದು ಪೆಟ್ಟಿಗೆಯೊಳಗೆ ಡೇಟಾ ಲಾಗರ್ (ಉಷ್ಣಾಂಶವನ್ನು ಸಮಯ ಸಹಿತ ದಾಖಲಿಸುವ ಸಾಧನ) ಇಡಿ. ಯಾವ ಗಂಟೆಯಲ್ಲಿ ಉಷ್ಣಾಂಶ ಏರಿತು ಎಂಬ ಗೆರೆ ಕೈಯಲ್ಲಿದ್ದರೆ ಹೊಣೆ ಯಾರದೆಂದು ಊಹಿಸಬೇಕಾಗಿಲ್ಲ, ಪರಿಹಾರ ಕೇಳಲೂ ಆಧಾರ ಸಿಗುತ್ತದೆ.

ಪ್ರಶ್ನೆ: ನನ್ನ ಮಗ ಈ ವಿಭಾಗಕ್ಕೆ ಸೇರಿದ್ದಾನೆ, ರಾತ್ರಿ ಶಿಫ್ಟು. ಅವನಿಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಅಷ್ಟು ಚಳಿಯಲ್ಲಿ ಕೆಲಸ ಮಾಡಿದರೆ ತೊಂದರೆಯಾಗುವುದೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ತಾಯಿ, ಉಬ್ಬಸದ ವಿಷಯವನ್ನು ನಿಮ್ಮ ಮಗ ಕಂಪನಿಯ ವೈದ್ಯರಿಗೆ ಮುಚ್ಚಿಡದೆ ಹೇಳಲಿ. ಒಣ ತಣ್ಣನೆ ಗಾಳಿ ಉಬ್ಬಸವನ್ನು ಕೆರಳಿಸಬಲ್ಲದು. ಎಲ್ಲ ಕೊಠಡಿಗಳೂ ಮೈನಸ್ ಅಲ್ಲ. 15ರಿಂದ 25 ಡಿಗ್ರಿಯ ಔಷಧ ವಿಭಾಗಕ್ಕೆ ಅವನನ್ನು ಹಾಕಿಸಿಕೊಳ್ಳಲು ಅವಕಾಶ ಕೇಳಬಹುದು. ಹೆಪ್ಪುಗಟ್ಟಿದ ಸರಕಿನ ಕೊಠಡಿಗೆ ಹೋಗಬೇಕಾದಾಗ ಜಾಕೆಟ್, ಕೈಗವಸು, ಬೂಟು ಕಂಪನಿಯೇ ಕೊಡಬೇಕು, ನಡುನಡುವೆ ಬೆಚ್ಚಗಾಗಲು ಬಿಡುವೂ ಬೇಕು. ಬೆವರಿದ ಅಂಗಿಯಲ್ಲಿ ಒಳಗೆ ಹೋಗದಂತೆ ಇನ್ನೊಂದು ಒಣ ಬನಿಯನ್ನು ಬ್ಯಾಗಿನಲ್ಲಿ ಇಟ್ಟು ಕಳುಹಿಸಿ.

ಚಳಿಗಿಂತ ಹೆಚ್ಚು ಎಚ್ಚರ ಬೇಕಿರುವುದು ಡ್ರೈ ಐಸ್ ವಿಷಯದಲ್ಲಿ. ಅದು ಮೈನಸ್ 78 ಡಿಗ್ರಿಯ ಘನ ಇಂಗಾಲದ ಡೈಆಕ್ಸೈಡ್. ಬರಿಗೈಯಲ್ಲಿ ಹಿಡಿದರೆ ಚರ್ಮ ಸುಟ್ಟಂತಾಗುತ್ತದೆ. ಒಂದು ಕಿಲೋ ಕರಗಿದರೆ 500 ಲೀಟರಿಗೂ ಹೆಚ್ಚು ಅನಿಲವಾಗಿ, ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ಗಾಳಿಯಾಡದ ಕೊಠಡಿಯಲ್ಲಿ, ಮುಚ್ಚಿದ ಕಂಟೇನರಿನಲ್ಲಿ ತಲೆ ಭಾರವಾದರೆ ಅಥವಾ ಉಸಿರು ಹೆಚ್ಚಾದರೆ ತಕ್ಷಣ ಹೊರಬರಬೇಕು. ಬಿದ್ದವರನ್ನು ಎತ್ತಲು ಒಬ್ಬರೇ ಒಳಗೆ ನುಗ್ಗಬಾರದು. ಇದನ್ನು ಅಪಾಯಕಾರಿ ಸರಕಿನ ತರಬೇತಿಯಲ್ಲಿ ಕಲಿಸುತ್ತಾರೆ, ಎರಡು ವರ್ಷಕ್ಕೊಮ್ಮೆ ಆ ತರಬೇತಿಯನ್ನು ನವೀಕರಿಸಬೇಕು. ಮಗನಿಗೆ ಅದು ಆಗಿದೆಯೇ ಎಂದು ಕೇಳಿ.

ಪ್ರಶ್ನೆ: ಇದೇ ಕೆಲಸ ಕೊಡಿಸುವುದಾಗಿ, ಏರ್‌ಪೋರ್ಟ್ ಪಾಸಿಗೆ ಮೊದಲೇ ಹಣ ಕಟ್ಟಬೇಕು ಎಂದು ಒಬ್ಬರು ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಕೋಲಾರ

ಉತ್ತರ: ಕೊಡಬೇಡಿ. ನಿಲ್ದಾಣದ ಪ್ರವೇಶ ಪತ್ರಕ್ಕೆ ಅರ್ಜಿ ಹಾಕುವುದು ನಿಮ್ಮನ್ನು ನೇಮಿಸಿಕೊಂಡ ಸಂಸ್ಥೆ; ಪೊಲೀಸ್ ಪರಿಶೀಲನೆಯಾದ ಬಳಿಕ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ನಿಯಮದಂತೆ ಅದು ಸಿಗುತ್ತದೆ. ಕೆಲಸ ಸಿಗುವ ಮೊದಲೇ ಪಾಸು ಮಾಡಿಸಿಕೊಡುತ್ತೇನೆ ಎನ್ನುವವರ ಮಾತು ನಂಬಲು ಕಾರಣವೇ ಇಲ್ಲ. ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ಆ ಹುದ್ದೆ ಇದೆಯೇ ನೋಡಿ ಅಲ್ಲೇ ಅರ್ಜಿ ಹಾಕಿ. ಈಗಾಗಲೇ ಹಣ ಕೊಟ್ಟಿದ್ದರೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಇಂದೇ ಕರೆ ಮಾಡಿ.