ರಾತ್ರಿ ಹನ್ನೊಂದಕ್ಕೆ ಹೊಲಿಗೆ ಯಂತ್ರ: ಒಂದು ಆಪ್ತಸಲಹೆ ಪ್ರಕರಣ

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಮಾತನಾಡಿದ್ದು ಗಂಡ ಮಾತ್ರ.

"ಒಂದೂವರೆ ವರ್ಷವಾಯಿತು ಮೇಡಂ. ಊಟ ಮುಗಿಸಿ ಮನೆಯವರೆಲ್ಲ ಮಲಗುವ ಹೊತ್ತಿಗೆ ಇವಳು ಹೊಲಿಗೆ ಯಂತ್ರದ ಮುಂದೆ ಕೂರುತ್ತಾಳೆ. ರಾತ್ರಿ ಒಂದು ಗಂಟೆಯಾದರೂ ಟಕಟಕ ಸದ್ದು ನಿಲ್ಲುವುದಿಲ್ಲ. ನನ್ನ ಪಕ್ಕ ಮಲಗುವುದು ಇವಳಿಗೆ ಬೇಡವಾಗಿದೆ. ಅದನ್ನೇ ಬಾಯಿಬಿಟ್ಟು ಹೇಳಿದರೆ ಸಾಕು."

ಹೆಂಡತಿಯನ್ನು ಇಲ್ಲಿ ಸರೋಜ ಎಂದು ಕರೆಯುತ್ತೇನೆ. ಹೆಸರನ್ನೂ ಗುರುತು ಸಿಗಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ. ವಯಸ್ಸು 43. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮನೆಯಲ್ಲೇ ರವಿಕೆ, ಲಂಗ, ಶಾಲೆಯ ಸಮವಸ್ತ್ರ ಹೊಲಿದುಕೊಡುತ್ತಾರೆ. ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ 71 ವರ್ಷದ ಅತ್ತೆ ಇದ್ದಾರೆ. ಮಗಳಿಗೆ ಮದುವೆಯಾಗಿ, ಎರಡು ವರ್ಷದ ಮೊಮ್ಮಗ ಆಗಾಗ ಬಂದು ಇರುತ್ತಾನೆ.

ಇಬ್ಬರನ್ನೂ ಬೇರೆಬೇರೆಯಾಗಿ ಮಾತನಾಡಿಸಿದೆ. ಸರೋಜ ತಲೆ ತಗ್ಗಿಸಿಕೊಂಡೇ ಹೇಳಿದರು: "ಮಲಗಿದರೆ ಚಡಪಡಿಕೆ ಮೇಡಂ. ಸಂಕಟವಾಗುತ್ತದೆ. ಸುಮ್ಮನಿರಲು ಆಗುವುದಿಲ್ಲ." ನಾನು ಪುಸ್ತಕದಲ್ಲಿ 'ಚಡಪಡಿಕೆ, ನಿದ್ರಾಹೀನತೆ, ದಾಂಪತ್ಯದಲ್ಲಿ ಬಿಗುವು' ಎಂದು ಬರೆದುಕೊಂಡೆ. ಚಡಪಡಿಕೆ, ಸಂಕಟ ಎಂಬ ಮಾತುಗಳನ್ನು ನಮ್ಮಲ್ಲಿ ಮೈಗೂ ಹೇಳುತ್ತಾರೆ, ಮನಸ್ಸಿಗೂ ಹೇಳುತ್ತಾರೆ. ನಾನು ಮನಸ್ಸನ್ನೇ ಹಿಡಿದುಕೊಂಡೆ. ಎಲ್ಲಿ ಚಡಪಡಿಕೆ ಎಂದು ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳದ್ದಕ್ಕೆ ಆಕೆ ಇನ್ನೂ ಎರಡು ವಾರ ನರಳಬೇಕಾಯಿತು.

ಆತಂಕಕ್ಕೆ ಹೇಳಿಕೊಡುವ ಸ್ನಾಯು ಸಡಿಲಿಸುವ ಅಭ್ಯಾಸವನ್ನು ಹೇಳಿಕೊಟ್ಟು ಕಳುಹಿಸಿದೆ. ರಾತ್ರಿ ಅಂಗಾತ ಮಲಗಿ, ಕಾಲ್ಬೆರಳಿನಿಂದ ಶುರುಮಾಡಿ ಒಂದೊಂದೇ ಭಾಗವನ್ನು ಬಿಗಿಮಾಡಿ ಸಡಿಲಬಿಟ್ಟು, ಇಪ್ಪತ್ತು ನಿಮಿಷ ಅಲುಗಾಡದೆ ಇರಬೇಕು. ಎರಡು ವಾರದ ನಂತರ ಬಂದವರು ಕೂರುವ ಮೊದಲೇ ಅತ್ತರು. "ನೀವು ಹೇಳಿದಂತೆಯೇ ಮಾಡಿದೆ. ಹತ್ತು ನಿಮಿಷಕ್ಕೆ ಎದ್ದು ಓಡಿಬಿಡಬೇಕು ಅನ್ನಿಸುತ್ತದೆ. ನನಗೆ ಹುಚ್ಚು ಹಿಡಿಯುತ್ತಿದೆಯೇ ಮೇಡಂ?"

ಆಗ ಮೊದಲಿನಿಂದ ಕೇಳತೊಡಗಿದೆ. ಎಲ್ಲಿ? "ಕಾಲಿನಲ್ಲಿ. ಮೀನಖಂಡದ ಒಳಗೆ ಗೆದ್ದಲು ಹರಿದ ಹಾಗೆ. ನೋವಲ್ಲ. ನೋವಾದರೆ ತಡೆದುಕೊಳ್ಳುತ್ತಿದ್ದೆ." ಯಾವಾಗ? "ದೀಪ ಹಚ್ಚುವ ಹೊತ್ತಿಗೆ ಶುರು. ಮಲಗಿದ ಮೇಲೆ ಜೋರು. ಬೆಳಗಿನ ಜಾವಕ್ಕೆ ತಾನಾಗಿಯೇ ಹೋಗುತ್ತದೆ." ಬಸ್ಸಿನಲ್ಲಿ? "ರಾತ್ರಿ ಬಸ್ಸು ಹತ್ತುವುದನ್ನೇ ಬಿಟ್ಟಿದ್ದೇನೆ." ಎದ್ದು ಓಡಾಡಿದರೆ? "ಆ ಕ್ಷಣಕ್ಕೆ ಹೋಗುತ್ತದೆ. ನಿಂತರೆ ಮತ್ತೆ ಬರುತ್ತದೆ."

"ಯಂತ್ರ ತುಳಿಯುವಾಗ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ತುಳಿಯುವಾಗ ಏನೂ ಇರುವುದಿಲ್ಲ ಮೇಡಂ. ಅದಕ್ಕೇ ಕೂರುತ್ತೇನೆ. ಹೊಲಿಯುವುದಕ್ಕೆ ಏನೂ ಇಲ್ಲದಿದ್ದರೆ ಹಳೆಯ ಬಟ್ಟೆಗೇ ಹೊಲಿಗೆ ಹಾಕುತ್ತೇನೆ."

ಹೊರಗೆ ಕುಳಿತಿದ್ದ ಗಂಡನನ್ನು ಒಳಗೆ ಕರೆದು, ಇದೇ ಮಾತನ್ನು ಇನ್ನೊಮ್ಮೆ ಹೇಳಿಸಿದೆ. ಒಂದೂವರೆ ವರ್ಷ ಆ ಸದ್ದನ್ನು ತನ್ನ ಮೇಲಿನ ತಿರಸ್ಕಾರ ಎಂದುಕೊಂಡು ಮಲಗಿದ್ದ ಮನುಷ್ಯ ಹೆಂಡತಿಯ ಪಾದವನ್ನೇ ನೋಡುತ್ತ ಕುಳಿತರು. ಆಮೇಲೆ, "ಅಮ್ಮ ಬೇರೆ ಬೈಯುತ್ತಾಳೆ, ಕಾಲು ಕುಣಿಸಿದರೆ ಮನೆಗೆ ದರಿದ್ರ ಎಂದು" ಎಂದರು.

ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ರೆಸ್ಟ್‌ಲೆಸ್ ಲೆಗ್ಸ್, ಅಂದರೆ ಸುಮ್ಮನಿರದ ಕಾಲು. 1672ರಷ್ಟು ಹಿಂದೆಯೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವರ್ಣಿಸಿದ್ದರು. 1945ರಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ಇದಕ್ಕೆ ಈಗಿನ ಹೆಸರು ಕೊಟ್ಟು, ಕಬ್ಬಿಣಾಂಶ ಕಡಿಮೆಯಾದವರಲ್ಲಿ ಇದು ಕಾಣಿಸಿಕೊಳ್ಳುವುದನ್ನೂ ಗಮನಿಸಿದರು. ಮಿದುಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಲು ಕಬ್ಬಿಣ ಬೇಕು. ಅಲ್ಲಿ ಕಬ್ಬಿಣ ಸಾಲದೆ ಹೋದರೆ ಸಂಜೆಯಾಗುತ್ತಲೇ ಕಾಲಿನಲ್ಲಿ ಈ ತಳಮಳ ಏಳಬಹುದು. ಇವೆಲ್ಲವನ್ನೂ ಗಂಡನೆದುರಿಗೇ ವಿವರಿಸಿದೆ. ಹೆಂಡತಿಗೆ ಹುಚ್ಚೂ ಇಲ್ಲ, ಹಟವೂ ಇಲ್ಲ ಎಂಬುದನ್ನು ಅವರು ನನ್ನ ಬಾಯಿಂದ ಕೇಳಬೇಕಿತ್ತು.

ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಮುಂದಿನ ಸಲ ತರಲು ಹೇಳಿದೆ. ಯಾವುದೋ ಮದುವೆಯ ತಾಂಬೂಲದ ಚೀಲ ತುಂಬ ತಂದರು. ಬಹುಪೋಷಕಾಂಶದ ಮಾತ್ರೆ, ಕ್ಯಾಲ್ಸಿಯಂ ಮತ್ತು ಡಿ3, ಔಷಧಿ ಅಂಗಡಿಯಲ್ಲಿ 'ನರಕ್ಕೆ ಒಳ್ಳೆಯದು' ಎಂದು ಕೊಟ್ಟ ಬಿ ಗುಂಪಿನ ಎರಡು ಬಗೆಯ ಮಾತ್ರೆ, ಅಕ್ಕನ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ ಮೆಗ್ನೀಸಿಯಂ ಡಬ್ಬಿ. ತಿಂಗಳಿಗೆ ಸಾವಿರಕ್ಕೂ ಹೆಚ್ಚು ರೂಪಾಯಿ ಖರ್ಚು. ಜೊತೆಗೆ ಇನ್ನೆರಡು ಪಟ್ಟಿಗಳಿದ್ದವು. ಒಂದು ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆ, ವರ್ಷದಿಂದ ದಿನವೂ ನುಂಗುತ್ತಿದ್ದಾರೆ. ಇನ್ನೊಂದು ಬಟ್ಟೆಯ ಧೂಳಿಗೆ ಬರುವ ಸೀನಿಗೆಂದು ಕೊಟ್ಟ, ತೂಕಡಿಕೆ ತರಿಸುವ ಅಲರ್ಜಿ ಮಾತ್ರೆ. ನಿದ್ದೆ ಬರಲಿ ಎಂದು ಅದನ್ನೂ ರಾತ್ರಿ ತಪ್ಪದೆ ತೆಗೆದುಕೊಳ್ಳುತ್ತಿದ್ದರು.

ಆ ಚೀಲದಲ್ಲಿ ಕಬ್ಬಿಣದ ಮಾತ್ರೆ ಪ್ರತ್ಯೇಕವಾಗಿ ಇರಲೇ ಇಲ್ಲ. ಬಹುಪೋಷಕಾಂಶದ ಮಾತ್ರೆಯಲ್ಲಿದ್ದ ಅಷ್ಟಿಷ್ಟು ಕಬ್ಬಿಣವನ್ನು ಕ್ಯಾಲ್ಸಿಯಂ ಜೊತೆಗೆ, ಚಹಾದಲ್ಲಿ ನುಂಗುತ್ತಿದ್ದರು. ಕ್ಯಾಲ್ಸಿಯಮ್ಮೂ ಚಹಾವೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಆಮ್ಲ ತಗ್ಗಿಸುವ ಮಾತ್ರೆಯೂ ಅದನ್ನೇ ಮಾಡುತ್ತದೆ. ತೂಕಡಿಕೆ ತರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳಂತೂ ಈ ಕಾಲಿನ ತಳಮಳವನ್ನು ಹೆಚ್ಚಿಸುತ್ತವೆ. ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಕೂಡ ಹಾಗೆಯೇ. ಎರಡನೆಯ ಭೇಟಿಯಲ್ಲೂ ನಾನು ಆತಂಕದ ಗೆರೆಯನ್ನೇ ಹಿಡಿದು ಮನೋವೈದ್ಯರ ಬಳಿ ಕಳುಹಿಸಿದ್ದರೆ, ಅವರಿಗೂ ಪೂರ್ತಿ ಕಥೆ ಗೊತ್ತಾಗದೆ ಅಂಥದೊಂದು ಮಾತ್ರೆ ಸೇರಿಕೊಳ್ಳಬಹುದಿತ್ತು. ನೆನೆಸಿಕೊಂಡರೆ ಈಗಲೂ ಎದೆ ಭಾರವಾಗುತ್ತದೆ.

ಮುಟ್ಟಿನ ಬಗ್ಗೆ ಕೇಳಿದೆ. ಇಪ್ಪತ್ತೆರಡು ದಿನಕ್ಕೊಮ್ಮೆ ಬರುತ್ತದೆ, ಎಂಟು ದಿನ ಇರುತ್ತದೆ, ಗಟ್ಟಿ ಗಟ್ಟಿಯಾಗಿ ಹೋಗುತ್ತದೆ. "ಈ ವಯಸ್ಸಿಗೆ ಎಲ್ಲರಿಗೂ ಹಾಗೆಯೇ ಅಲ್ಲವೇ?" ಎಂದರು. ಅಲ್ಲ. ಹೀಗೆ ರಕ್ತ ಹೋದರೆ ಅದರ ಜೊತೆಗೆ ಕಬ್ಬಿಣವೂ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಎಲ್ಲರಿಗೂ ಇದೆ ಎಂಬ ಕಾರಣಕ್ಕೆ ಅದು ಸಹಜವಾಗಿಬಿಡುವುದಿಲ್ಲ.

ನಾನು ಔಷಧಿ ಬರೆಯುವವಳಲ್ಲ. ಕೇಳಿದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಕೂಡ ನೋಡಬಹುದೇ ಎಂಬ ಕೋರಿಕೆ ಸೇರಿಸಿ ವೈದ್ಯರಿಗೆ ಕೊಟ್ಟು ಕಳುಹಿಸಿದೆ. ಹಿಮೋಗ್ಲೋಬಿನ್ 12.1 ಬಂತು. ಇದೇ ಅಂಕಿಯನ್ನು ನೋಡಿ ಹಿಂದೆ ಎರಡು ಕಡೆ 'ರಕ್ತ ಚೆನ್ನಾಗಿದೆ' ಎಂದಿದ್ದರು. ಫೆರಿಟಿನ್ ಮಾತ್ರ 9. ಹಿಮೋಗ್ಲೋಬಿನ್ ಕೈಯಲ್ಲಿರುವ ಖರ್ಚಿನ ದುಡ್ಡು. ಫೆರಿಟಿನ್ ಕಣಜದಲ್ಲಿರುವ ಕಬ್ಬಿಣದ ದಾಸ್ತಾನು. ದಿನದ ಊಟ ನಡೆಯುತ್ತಿದೆ ಎಂದ ಮಾತ್ರಕ್ಕೆ ಕಣಜ ತುಂಬಿದೆ ಎಂದಲ್ಲ. ಸುಮ್ಮನಿರದ ಕಾಲು ಇರುವವರಲ್ಲಿ ಫೆರಿಟಿನ್ 75ಕ್ಕೆ ಇಳಿದರೂ ಸಾಕು, ಕಬ್ಬಿಣ ಕೊಡಲು ಯೋಚಿಸಬೇಕು ಎಂಬುದು ತಜ್ಞರ ಅಭಿಪ್ರಾಯ. ಪ್ರಯೋಗಾಲಯದ ಚೀಟಿಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಅಂಕಿಯನ್ನೂ 'ಸರಿ' ಎಂದು ಅಚ್ಚು ಹಾಕಿರುತ್ತಾರೆ. ಮೈಯಲ್ಲಿ ಸೋಂಕು, ಉರಿಯೂತ ಇದ್ದಾಗ ಈ ಅಂಕಿ ಸುಳ್ಳಾಗಿ ಏರುವುದೂ ಉಂಟು. ಹಾಗಾಗಿ ಓದಿ ಹೇಳುವವರು ವೈದ್ಯರೇ ಆಗಿರಬೇಕು.

ವೈದ್ಯರು ಕಬ್ಬಿಣದ ಮಾತ್ರೆಯನ್ನು ದಿನ ಬಿಟ್ಟು ದಿನ ಬರೆದರು. ಸರೋಜರಿಗೆ ಇದು ಅರ್ಧ ಚಿಕಿತ್ಸೆ ಎನ್ನಿಸಿತ್ತು. ಒಂದು ದಿನ ಕಬ್ಬಿಣ ನುಂಗಿದರೆ, ಕರುಳಿನ ಬಾಗಿಲನ್ನು ಅರ್ಧ ಮುಚ್ಚುವ ಒಂದು ಹಾರ್ಮೋನು ಮಾರನೆಯ ದಿನದವರೆಗೂ ಏರಿರುತ್ತದೆ. ಒಂದು ದಿನ ಬಿಟ್ಟರೆ ಬಾಗಿಲು ಮತ್ತೆ ತೆರೆದಿರುತ್ತದೆ ಎಂದು ತಿಳಿಸಿ ಹೇಳಿದೆ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನಿಂಬೆಹಣ್ಣಿನ ನೀರಿನೊಂದಿಗೆ ನುಂಗುವುದು, ಕಾಫಿ ಚಹಾ ಒಂದೆರಡು ಗಂಟೆ ತಡೆದು ಕುಡಿಯುವುದು, ಕ್ಯಾಲ್ಸಿಯಂ ಬೇಕೇ ಬೇಕೆಂದರೆ ರಾತ್ರಿಗೆ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದೆ. ಎಷ್ಟೋ ಜನ ಹೆದರಿ ಮಾತ್ರೆ ಬಿಡುವುದು ಅಲ್ಲಿಯೇ. ಅಲರ್ಜಿಗೆ ವೈದ್ಯರು ಬೇರೆ ಮಾತ್ರೆ ಕೊಟ್ಟರು, ಆಮ್ಲದ ಮಾತ್ರೆಯನ್ನು ಮೆಲ್ಲಗೆ ನಿಲ್ಲಿಸಿದರು. ಬಿ6 ಜೀವಸತ್ವ ಎರಡೂ 'ನರದ ಮಾತ್ರೆ'ಗಳಲ್ಲಿ ಇತ್ತು. ಅದು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಮೈಗೆ ಹೋದರೆ ನರಕ್ಕೇ ಪೆಟ್ಟು ಕೊಡುತ್ತದೆ. ಅವೆರಡೂ ನಿಂತವು.

ಮೊಮ್ಮಗನ ನೆನಪಾಗಿ ಒಂದು ಮಾತನ್ನು ಒತ್ತಿ ಹೇಳಿದೆ. ಕಬ್ಬಿಣದ ಮಾತ್ರೆ ನೋಡಲು ಮಿಠಾಯಿಯಂತಿರುತ್ತದೆ. ಚಿಕ್ಕ ಮಕ್ಕಳು ಕೆಲವನ್ನು ನುಂಗಿದರೂ ಜೀವಕ್ಕೆ ಅಪಾಯ. ಡಬ್ಬಿ ಅಟ್ಟದ ಮೇಲಿರಲಿ.

ಊಟದ ವಿಷಯಕ್ಕೆ ಬಂದಾಗ ಸರೋಜ, "ದಿನವೂ ರಾಗಿಮುದ್ದೆ ತಿನ್ನುತ್ತೇವಲ್ಲ" ಎಂದರು. ರಾಗಿಯ ದೊಡ್ಡ ಸಂಪತ್ತು ಕ್ಯಾಲ್ಸಿಯಂ. ಅದರಲ್ಲಿರುವ ಕಬ್ಬಿಣವನ್ನು ರಾಗಿಯದೇ ಫೈಟೇಟ್ ಎಂಬ ಅಂಶ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ. ಮೊಳಕೆ ಹುರುಳಿಯ ಸಾರಿನ ಪಕ್ಕಕ್ಕೆ ನೆಲ್ಲಿಕಾಯಿ ಚಟ್ನಿ ಇರಲಿ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ ಎಂದೆ. ಆದರೆ 9ಕ್ಕೆ ಇಳಿದ ದಾಸ್ತಾನನ್ನು ಸೊಪ್ಪು ತಿಂದೇ ತುಂಬುತ್ತೇನೆ ಎನ್ನುವುದು ಆಗದ ಮಾತು. ರಕ್ತ ಹೋಗುತ್ತಲೇ ಇದ್ದರೆ ಮಾತ್ರೆಯೂ ತಳ ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಸ್ತ್ರೀರೋಗ ತಜ್ಞರು ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆಗಳು ಕಂಡವು. ಅದಕ್ಕೆ ಬೇರೆ ಚಿಕಿತ್ಸೆ ಶುರುವಾಯಿತು.

ಈ ನಡುವೆ ಅತ್ತೆಯವರ ಕಥೆ ಹೊರಬಿತ್ತು. ಸೊಸೆಯ ಮೆಗ್ನೀಸಿಯಂ ಡಬ್ಬಿಯಿಂದ ಅವರೂ ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದರು. "ನನಗೂ ಅದೇ ಕಾಲಿನ ಕಾಯಿಲೆ ತಾಯಿ" ಎಂದರು. ಕೇಳಿ ನೋಡಿದರೆ ಅದೇ ಅಲ್ಲ. ಅವರಿಗೆ ರಾತ್ರಿ ಮೂರು ಗಂಟೆಗೆ ಇದ್ದಕ್ಕಿದ್ದಂತೆ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿ ಹಿಡಿದುಕೊಳ್ಳುತ್ತದೆ. ಪ್ರಾಣ ಹೋಗುವಂಥ ನೋವು, ಎರಡು ಮೂರು ನಿಮಿಷ, ಬೆಳಿಗ್ಗೆಯವರೆಗೂ ಅಲ್ಲಿ ಮುಟ್ಟಿದರೆ ನೋವು. ಇದು ಸ್ನಾಯು ಹಿಡಿತ. ಸೊಸೆಯದು ನೋವಿಲ್ಲದ ತಳಮಳ, ಅತ್ತೆಯದು ತಳಮಳವಿಲ್ಲದ ನೋವು. ಇಬ್ಬರೂ ಒಂದೇ ಡಬ್ಬಿಗೆ ಕೈಹಾಕುತ್ತಿದ್ದರು.

ಮೆಗ್ನೀಸಿಯಂ ಬಗ್ಗೆ ಜನರಿಗಿರುವ ನಂಬಿಕೆ ದೊಡ್ಡದು. ಆದರೆ ವಯಸ್ಸಾದವರ ಸ್ನಾಯು ಹಿಡಿತವನ್ನು ತಡೆಯಲು ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಆಗಲಾರದು ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪರಿಶೀಲನೆ ಹೇಳುತ್ತದೆ. ಮೂತ್ರಪಿಂಡ ಸೋತವರಲ್ಲಿ ಅದು ರಕ್ತದಲ್ಲಿ ಉಳಿದು ಹಾನಿ ಮಾಡಬಲ್ಲದು. ಅತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ. ಮೂತ್ರಪಿಂಡದ ಪರೀಕ್ಷೆ ಆಗುವವರೆಗೆ ಡಬ್ಬಿ ಮುಚ್ಚಿಡಿ ಎಂದೆ. ಮೂತ್ರಪಿಂಡ ಪರವಾಗಿಲ್ಲ ಎಂದು ಬಂತು, ಪೊಟ್ಯಾಸಿಯಂ ಸ್ವಲ್ಪ ಕಡಿಮೆ ಇತ್ತು, ಬಿ12 ತೀರಾ ಕಡಿಮೆ. ಸಸ್ಯಾಹಾರಿ, ಜೊತೆಗೆ ಸಕ್ಕರೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯುವುದು ಗೊತ್ತಿರುವ ಸಂಗತಿ. ಅತ್ತೆಯವರಿಗಿದ್ದ ಪಾದದ ಉರಿಗೆ ಅದೂ ಒಂದು ಕಾರಣವಾಗಿತ್ತು. ವೈದ್ಯರು ರಕ್ತದೊತ್ತಡದ ಮಾತ್ರೆ ಬದಲಿಸಿ, ಬಿ12 ಚುಚ್ಚುಮದ್ದು ಕೊಟ್ಟರು.

ನಾನು ಅತ್ತೆಯವರಿಗೆ ಕಲಿಸಿದ್ದು ಎರಡೇ. ಮಲಗುವ ಮುನ್ನ ಗೋಡೆಗೆ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ ಮೀನಖಂಡ ಎಳೆಯುವುದು. ಹಿಡಿದುಕೊಂಡಾಗ ಕಾಲ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯುವುದು, ಎಂದೂ ಕೆಳಕ್ಕೆ ಚಾಚದಿರುವುದು. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ, ಅಥವಾ ನಡೆದಾಗ ಹಿಡಿದು ನಿಂತಾಗ ಬಿಡುವ ನೋವಾದರೆ, ಅದು ಈ ಎರಡೂ ಅಲ್ಲ, ರಕ್ತನಾಳದ ತೊಂದರೆ ಇರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದೆ.

ಗಂಡನಿಗೆ ಕೊಟ್ಟ ಸಲಹೆ ಬೇರೆ. ಹೆಂಡತಿ ಹಾಸಿಗೆಯಿಂದ ಎದ್ದಾಗ "ಮತ್ತೆ ಶುರುವಾಯಿತೇ" ಎಂದು ಕೇಳಬಾರದು. ಎಚ್ಚರವಿದ್ದರೆ ಜೊತೆಗೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬೇಕು, ಇಲ್ಲದಿದ್ದರೆ ಸುಮ್ಮನೆ ನಿದ್ದೆ ಮಾಡಬೇಕು. ಮಲಗುವ ಮುನ್ನ ಬೆಚ್ಚನೆಯ ನೀರಿನಲ್ಲಿ ಕಾಲಿಟ್ಟು ಮೀನಖಂಡ ನೀವಿದರೆ ಸರೋಜರಿಗೆ ಅರ್ಧ ಗಂಟೆ ಹಾಯೆನಿಸುತ್ತದೆ. ನೀವುವ ಕೆಲಸವನ್ನು ಗಂಡ ತಾವಾಗಿಯೇ ಒಪ್ಪಿಕೊಂಡರು. ಎರಡನೆಯ ತಿಂಗಳಲ್ಲಿ ಸರೋಜ ಹೇಳಿದರು: "ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ನನ್ನ ಕಾಲು ಮುಟ್ಟಿದವರಲ್ಲ. ಬೇಡವೆಂದರೂ ಕೇಳುವುದಿಲ್ಲ." ಹೇಳುವಾಗ ಮುಖದಲ್ಲಿ ಸಂಕೋಚವೂ ಇತ್ತು, ಗೆಲುವೂ ಇತ್ತು.

ಮೂರು ತಿಂಗಳಿಗೆ ಫೆರಿಟಿನ್ 38ಕ್ಕೆ ಏರಿತು. ತಳಮಳ ಪೂರ್ತಿ ಹೋಗಿಲ್ಲ. ವಾರಕ್ಕೆ ಆರು ರಾತ್ರಿ ಇದ್ದದ್ದು ಒಂದೆರಡಕ್ಕೆ ಇಳಿದಿದೆ, ಮುಟ್ಟಿನ ಆಸುಪಾಸಿನಲ್ಲಿ ಮಾತ್ರ ಜೋರು. ಇನ್ನೂ ಮೂರು ತಿಂಗಳಲ್ಲಿ ಸಾಕಷ್ಟು ಏರದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಯೋಚನೆ ವೈದ್ಯರಿಗಿದೆ. ಬೇಕಾದರೆ ನರಗಳ ಮೇಲೆ ಕೆಲಸ ಮಾಡುವ ಔಷಧಿಗಳೂ ಇವೆ. ಅತ್ತೆಯವರಿಗೆ ಹಿಡಿತ ತಿಂಗಳಿಗೊಮ್ಮೆಯೋ ಎರಡು ಸಲವೋ ಬರುತ್ತದೆ. ಮುಂದಿನ ರಕ್ತಪರೀಕ್ಷೆ ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಮದುವೆಗಳ ಕಾಲ ಶುರುವಾಗಿ ರವಿಕೆಗಳ ರಾಶಿ ಬಂದು ಬೀಳುತ್ತದೆ, ಈ ಸಲ ಹನ್ನೊಂದರ ನಂತರ ಕೂತರೆ ಅದು ಕೆಲಸಕ್ಕೇ ಎಂದು ಸರೋಜ ಹೇಳಿ ಹೋಗಿದ್ದಾರೆ.